ಹಸಿಬಿಸಿ ದೃಶ್ಯ ಇದ್ದರೆ ಟಿಕೆಟ್ ಜಾಸ್ತಿ ಹೋಗುತ್ತಾ?

ಒಂಟಿಕೊಪ್ಪಲ್ ಹುಡುಗ:
ಭಾನುವಾರ ಮೈಸೂರಿನ ಒಂದು ಮಾಲ್‌ಗೆ ಸಿನಿಮಾ ನೋಡಲು ಹೋಗಿದ್ದೆವು. ಅಮ್ಮ, ಅಕ್ಕ, ಭಾವ, ಅವರ ಎಂಟು ವರ್ಷದ ಮಗಳು, ನಾನು. ಬಾಗಿಲಲ್ಲೇ ತಡೆದರು. ಎ ಸರ್ಟಿಫಿಕೇಟ್, ಮಗುವನ್ನು ಬಿಡಲ್ಲ ಅಂದರು. ಬುಕ್ ಮಾಡಿದವನು ನಾನೇ, ನೋಡಿಕೊಂಡಿರಲಿಲ್ಲ. ಕೊನೆಗೆ ಭಾವ ಒಬ್ಬರೇ ಒಳಗೆ ಹೋದರು, ನಾವು ನಾಲ್ವರು ಮಸಾಲೆ ಪುರಿ ತಿಂದು ಮನೆಗೆ ಬಂದೆವು. ಅಂಥ ದೃಶ್ಯ ಇದ್ದದ್ದು ಮೂರೇ ನಿಮಿಷವಂತೆ, ತೆಗೆದರೂ ಕತೆಗೆ ಏನೂ ಆಗುತ್ತಿರಲಿಲ್ಲವಂತೆ. ಮತ್ತೆ ಯಾಕೆ ಹಾಕ್ತಾರೆ? ಅದಕ್ಕೆ ಜನ ಬರ್ತಾರಾ, ಇಲ್ಲಾ ನಮ್ಮ ಹಾಗೆ ವಾಪಸ್ ಹೋಗ್ತಾರಾ?

ಮಾರ್ನಿಂಗ್ ಷೋ:
ಬರ್ತಾರೆ ಗುರು. 1984ರಲ್ಲಿ ಕಾಶಿನಾಥ್ ‘ಅನುಭವ’ ಮಾಡಿದಾಗ ಬೈದವರೆಷ್ಟು, ನೋಡಿದವರೆಷ್ಟು? ಓಡಿತು, ಹಿಂದಿಗೂ ಹೋಯಿತು. ‘ನೀರ್ ದೋಸೆ’ಯ ಪೋಲಿ ಮಾತು ಕೇಳಲು 2016ರಲ್ಲಿ ನಾನೇ ಎರಡು ಸಲ ಹೋಗಿದ್ದೆ. ಹೊರಗಡೆ ಛೀ ಥೂ ಅನ್ನುವವರೇ ಒಳಗಡೆ ಮೊದಲು ಸೀಟು ಹಿಡಿಯೋದು.

ಮಂಡ್ಯ ಬುಕಿಂಗ್ ಕೌಂಟರ್:
ನಾನು ಮಂಡ್ಯದ ಒಂದು ಟಾಕೀಸಿನಲ್ಲಿ ಹನ್ನೊಂದು ವರ್ಷ ಟಿಕೆಟ್ ಹರಿದವನು ಕಣಪ್ಪ. 2000ದ ಆಸುಪಾಸಿನಲ್ಲಿ ಶಕೀಲಾ ಅವರ ಮಲಯಾಳಂ ಚಿತ್ರಗಳ ಗಲಾಟೆ ಇತ್ತಲ್ಲ, ಆ ಕಾಲ. ಟಿಕೆಟ್ ಹೋಗುತ್ತಿತ್ತು, ಸುಳ್ಳು ಹೇಳಲ್ಲ. ಕಬ್ಬಿನ ದುಡ್ಡು ಕೈಗೆ ಬಂದ ವಾರವಂತೂ ಬೆಳಗಿನ ಆಟ ಭರ್ತಿ.

ಆದರೆ ಕ್ಯಾಂಟೀನಿನವನನ್ನು ಕೇಳಬೇಕಿತ್ತು. ಇಂಟರ್‌ವಲ್‌ನಲ್ಲಿ ಒಬ್ಬನೂ ಹೊರಗೆ ಬರುತ್ತಿರಲಿಲ್ಲ. ದೀಪ ಹತ್ತಿದ ತಕ್ಷಣ ತಲೆ ಮೇಲೆ ಟವೆಲ್ ಎಳೆದುಕೊಂಡು ಕೂತುಬಿಡುವರು. ಊರು ಸಣ್ಣದು ನೋಡಿ, ಕಾರಿಡಾರಿನಲ್ಲಿ ಸೋದರಮಾವನೋ ಶಾಲೆ ಮೇಷ್ಟ್ರೋ ಸಿಕ್ಕಿಬಿಟ್ಟರೆ? (ಅವರೂ ಅದಕ್ಕೇ ಬಂದಿರುತ್ತಾರೆ, ಅದು ಬೇರೆ ಮಾತು.) ಹಾಕಿದ ಬೋಂಡಾ ಹಾಗೇ ಆರಿ ಹೋಗುತ್ತಿತ್ತು. ಸೈಕಲ್ ಸ್ಟ್ಯಾಂಡಿಗೂ ಹೊಡೆತ. ಗಾಡಿ ಗುರುತು ಸಿಕ್ಕೀತು ಅಂತ ಆಚೆ ಪೆಟ್ಟಿಗೆ ಅಂಗಡಿ ಪಕ್ಕ ನಿಲ್ಲಿಸಿ ಬರುತ್ತಿದ್ದರು. ಅದೇ ಸಂಸಾರಸ್ಥರ ಸಿನಿಮಾ ಬಂದರೆ ಕ್ಯಾಂಟೀನಿನಲ್ಲಿ ಎರಡನೇ ಬಾಣಲೆ ಇಡಬೇಕಿತ್ತು. ಒಬ್ಬ ಗಂಡಸು ಬಂದರೆ ಒಂದು ಟಿಕೆಟ್. ಒಬ್ಬ ಹೆಂಗಸು ಒಪ್ಪಿದರೆ ಅತ್ತೆ, ನಾದಿನಿ, ಮಕ್ಕಳು ಸೇರಿ ಆರು.

ಇನ್ನೊಂದು. ಕೌಂಟರಿನ ತೂತಿಗೆ ಬಾಯಿಟ್ಟು ಮೆಲ್ಲಗೆ ‘ಇದೆಯಾ?’ ಅಂತ ಕೇಳುವರು. ಏನು ಅಂತ ಅವರು ಹೇಳಲ್ಲ, ನಾನೂ ಕೇಳಲ್ಲ. ಪೋಸ್ಟರಿನಲ್ಲಿ ಇದ್ದದ್ದು ಒಳಗೆ ಇಲ್ಲ ಅಂತ ಗೊತ್ತಾದರೆ ಮಾರನೇ ದಿನ ಕುರ್ಚಿ ಲೆಕ್ಕ ಹಾಕೋದೇ ಕೆಲಸ.

ಅಂಕಿಅಂಶ ಮೇಷ್ಟ್ರು:
ಅಣ್ಣ ಹೇಳಿದ್ದಕ್ಕೆ ಹತ್ತಿರದ ಲೆಕ್ಕ ಒಂದಿದೆ. ಸೆರಿಡ್ವೆನ್ ಮತ್ತು ಸೈಮಂಟನ್ ಎಂಬ ಸಂಶೋಧಕರು 2001ರಿಂದ 2005ರವರೆಗೆ ಬಂದ 914 ಚಿತ್ರಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದರು. ಕಾಮ, ಬೆತ್ತಲೆ ಜಾಸ್ತಿ ಇದ್ದ ಮಾತ್ರಕ್ಕೆ ಗಲ್ಲಾಪೆಟ್ಟಿಗೆ ತುಂಬಲಿಲ್ಲ. ವಿಮರ್ಶಕರ ಮೆಚ್ಚುಗೆಯಾಗಲಿ ದೊಡ್ಡ ಪ್ರಶಸ್ತಿಯಾಗಲಿ ಅದರಿಂದ ಬರಲಿಲ್ಲ. ಹಾಲಿವುಡ್‌ನ ‘ಷೋಗರ್ಲ್ಸ್’ ನೋಡಿ. 1995ರಲ್ಲಿ ಸುಮಾರು 4.5 ಕೋಟಿ ಡಾಲರ್ ಸುರಿದರು, ಅಮೆರಿಕದ ಥಿಯೇಟರುಗಳಲ್ಲಿ ಬಂದದ್ದು ಸುಮಾರು 2 ಕೋಟಿ. ಆಮೇಲೆ ವಿಡಿಯೋದಲ್ಲಿ ಮಾತ್ರ ಚೆನ್ನಾಗಿ ಹೋಯಿತು. ನಿಮ್ಮ ಟವೆಲ್ ಗಿರಾಕಿಗಳ ಅಮೆರಿಕದ ತಮ್ಮಂದಿರು ಮನೆಯಲ್ಲಿ ಕೂತು ನೋಡಿದರು ಅನ್ನಿ.

ಮಾರ್ನಿಂಗ್ ಷೋ:
ಮೇಷ್ಟ್ರೇ, ಲೆಕ್ಕ 2005ಕ್ಕೇ ನಿಲ್ಲಿಸಿದರೆ ಹೇಗೆ? 2015ರ ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಪ್ರಪಂಚದಾದ್ಯಂತ 50 ಕೋಟಿ ಡಾಲರ್ ದಾಟಿತು. ಮೊದಲ ವಾರಾಂತ್ಯಕ್ಕೆ ನುಗ್ಗಿದವರಲ್ಲಿ ಹೆಂಗಸರೇ ಜಾಸ್ತಿ. ಈಗ ಏನಂತೀರಿ?

ಸರಸ್ವತಿಪುರಂ ಟೀಚರ್:
ನಾನು ಹೇಳ್ತೀನಿ. ಅದರ ಕಾದಂಬರಿಯನ್ನು ಹೆಂಗಸರು ಮೊದಲೇ ಓದಿದ್ದರು. ಆ ಕತೆ ಅವರದ್ದು ಅನ್ನಿಸಿತ್ತು, ಹೋದರು. ಹೆಂಗಸರಿಗೆ ಇದೆಲ್ಲ ಬೇಡ ಅಂತ ಯಾರು ಹೇಳಿದ್ದು?

ಒಂದು ಸಲ ಸಹೋದ್ಯೋಗಿ ಜೊತೆ ಒಂದು ಎ ಚಿತ್ರಕ್ಕೆ ಹೋಗಿದ್ದೆ. ಗಂಡ ಹೆಂಡತಿಯ ಸಂಬಂಧವನ್ನು ತುಂಬಾ ಚೆನ್ನಾಗಿ ತೋರಿಸಿದ್ದರು. ಪರದೆ ನೋಡಿ ನನಗೇನೂ ಆಗಲಿಲ್ಲ. ಹಿಂದಿನ ಸಾಲಿನಿಂದ ಶಿಳ್ಳೆ, ಅಸಹ್ಯ ಮಾತು ಶುರುವಾಯಿತು. ಒಬ್ಬ ನಮ್ಮ ಕುರ್ಚಿಗೆ ಕಾಲು ತಾಗಿಸಿ ನಕ್ಕ. ಎದ್ದು ಬಂದೆವು. ಗೇಟಿನವನಿಗೆ ಹೇಳಿದರೆ, ‘ಇಂಥ ಸಿನಿಮಾಗೆ ನೀವ್ಯಾಕೆ ಬಂದ್ರಿ ಮೇಡಂ’ ಅಂದ! ಆ ಎರಡು ಟಿಕೆಟ್ ಹೋದದ್ದು ದೃಶ್ಯದಿಂದಲಾ, ಥಿಯೇಟರಿನಿಂದಲಾ, ನೀವೇ ಹೇಳಿ.

ಇನ್ನು ‘ಮಕ್ಕಳ ಜೊತೆ ನೋಡಬಹುದು’ ಅನ್ನುವ ಚಿತ್ರಗಳಲ್ಲಿ ನಾಯಕಿಯ ಸೊಂಟಕ್ಕೇ ಕ್ಯಾಮೆರಾ ಅಂಟಿಸಿ ಐದು ನಿಮಿಷದ ಹಾಡು ಬರುತ್ತದಲ್ಲ, ಅದಕ್ಕೆ ಯಾರೂ ಗೇಟಿನಲ್ಲಿ ತಡೆಯಲ್ಲ. ನನಗೆ ಅದೇ ಜಾಸ್ತಿ ಮುಜುಗರ.

ಮಾರ್ನಿಂಗ್ ಷೋ:
ಮೇಡಂ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಶಿಳ್ಳೆ ಹೊಡೆದವರಲ್ಲಿ ನಾನೂ ಒಂದು ಕಾಲದಲ್ಲಿ ಇದ್ದೆ.

ಕೇಬಲ್ ಅಣ್ಣ:
ಟಿವಿ ಲೆಕ್ಕ ಎಲ್ಲರೂ ಮರೆತಿರಿ. ಎ ಚಿತ್ರವನ್ನು ಹಾಗೇ ಟಿವಿಯಲ್ಲಿ ಹಾಕುವಂತಿಲ್ಲ, ಕತ್ತರಿಸಿ ಮತ್ತೆ ಸರ್ಟಿಫಿಕೇಟ್ ತರಬೇಕು. ‘ದಿ ಡರ್ಟಿ ಪಿಕ್ಚರ್’ ಥಿಯೇಟರಿನಲ್ಲಿ ದುಡ್ಡು ಮಾಡಿತು, ಸರಿ. ಅಷ್ಟೊಂದು ಕತ್ತರಿ ಹಾಕಿಸಿಕೊಂಡರೂ 2012ರ ಏಪ್ರಿಲ್‌ನಲ್ಲಿ ಅದರ ಟಿವಿ ಪ್ರಸಾರ ಕೊನೇ ಗಳಿಗೆಯಲ್ಲಿ ನಿಂತುಹೋಯಿತು. ಅದಕ್ಕೇ ನಿರ್ಮಾಪಕರು ಯುಎ (ದೊಡ್ಡವರ ಜೊತೆ ಮಕ್ಕಳೂ ನೋಡಬಹುದು ಅನ್ನುವ ಸರ್ಟಿಫಿಕೇಟ್) ಸಿಕ್ಕರೆ ಸಾಕಪ್ಪ ಅಂತ ಒದ್ದಾಡೋದು. 2023ರ ತಿದ್ದುಪಡಿ ಆದ ಮೇಲೆ ಯುಎಯಲ್ಲೇ 7+, 13+, 16+ ಅಂತ ಮೂರು ಭಾಗ ಆಗಿದೆ. ಬುಕ್ ಮಾಡುವಾಗ ಅದನ್ನೂ ನೋಡಿಕೊಳ್ಳಿ ಒಂಟಿಕೊಪ್ಪಲ್ ಸಾಹೇಬರೇ.

ಮಂಡ್ಯ ಬುಕಿಂಗ್ ಕೌಂಟರ್:
ನಮ್ಮ ಬೆಳಗಿನ ಆಟ ಯಾವ ಚಳವಳಿಗೂ ನಿಲ್ಲಲಿಲ್ಲ. ಮೊದಲು ಸಿಡಿ ಬಂತು, ಜನ ಅರ್ಧ ಆದರು. 2016ರಲ್ಲಿ ಜಿಯೋ ಬಂದ ಮೇಲೆ ಎಲ್ಲರ ಜೇಬಿನಲ್ಲೂ ಟಾಕೀಸ್. ಬೇಕಾದ್ದು ಪುಕ್ಕಟೆ ಸಿಗುವಾಗ ಮೂರು ನಿಮಿಷ ನೋಡಲು ಮದ್ದೂರಿನಿಂದ ಬಸ್ ಹತ್ತಿ ಯಾರು ಬರ್ತಾರೆ? ಇವತ್ತೂ ಅದನ್ನೇ ನಂಬಿ ಪೋಸ್ಟರ್ ಹೊಡೆಸುವವರನ್ನು ಕಂಡರೆ ಅಯ್ಯೋ ಅನಿಸುತ್ತೆ.

ಮಾರ್ನಿಂಗ್ ಷೋ:
ಅಣ್ಣ, ಆ ‘ಇದೆಯಾ?’ ಅಂತ ಕೇಳಿದವರಿಗೆ ನೀವು ಏನು ಹೇಳ್ತಿದ್ರಿ?

ಮಂಡ್ಯ ಬುಕಿಂಗ್ ಕೌಂಟರ್:
‘ಬಾಲ್ಕನಿ ಇದೆ, ಕೊಡಲಾ?’ ಅಂತಿದ್ದೆ.

ಒಂಟಿಕೊಪ್ಪಲ್ ಹುಡುಗ:
ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, ‘ಅದು ಮೊಬೈಲಿಗೆ ಯಾವಾಗ ಬರುತ್ತೋ ನೋಡು, ನಿಮ್ಮ ಭಾವ ಕತೆ ಸರಿಯಾಗಿ ಹೇಳಲೇ ಇಲ್ಲ’ ಅಂದರು.