ಮನೋಚಿಕಿತ್ಸಕರಿಗೆ ಕುಟುಂಬ ಕಾನ್‌ಸ್ಟಲೇಷನ್ ಪರಿಚಯಿಸುವುದು: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ನಮ್ಮ ಮೇಲ್ವಿಚಾರಣಾ ಗುಂಪಿನ ಎಂಟು ಮಂದಿ ಮನೋಚಿಕಿತ್ಸಕರಿಗೆ ಎರಡು ದಿನಗಳಲ್ಲಿ ಕುಟುಂಬ ಕಾನ್‌ಸ್ಟಲೇಷನ್ ವಿಧಾನವನ್ನು ಪರಿಚಯಿಸುವ ಹೊಣೆ ನನ್ನ ಮೇಲಿದೆ. ಒಬ್ಬರ ಕುಟುಂಬದ ಸದಸ್ಯರ ಸ್ಥಾನದಲ್ಲಿ ಬೇರೆಯವರನ್ನು ಪ್ರತಿನಿಧಿಗಳಾಗಿ ನಿಲ್ಲಿಸಿ, ಆ ಕುಟುಂಬದೊಳಗಿನ ಸಂಬಂಧಗಳನ್ನು ನೋಡುವ ವಿಧಾನ ಇದು. ಎಲ್ಲರೂ ಕುಟುಂಬ ಚಿಕಿತ್ಸೆಯಲ್ಲಿ ಪಳಗಿದವರು. ವಂಶವೃಕ್ಷ ಬರೆಸಿ ತಲೆಮಾರುಗಳ ಕಥೆ ಕೇಳುವುದು ಅವರಿಗೆ ರೂಢಿಯ ಕೆಲಸ. ಆದರೆ ಅಪರಿಚಿತರು ಪ್ರತಿನಿಧಿಗಳಾಗಿ ನಿಂತು, ತಾವು ಎಂದೂ ಕಾಣದ ವ್ಯಕ್ತಿಯ ದುಃಖ ತಮ್ಮ ಮೈಯಲ್ಲಿ ಮೂಡಿತು ಎಂದು ಹೇಳುವ ದೃಶ್ಯಕ್ಕೆ ನೋಡುವವರನ್ನು ಮರುಳು ಮಾಡುವ ಶಕ್ತಿಯಿದೆ, ಮತ್ತು ನನ್ನ ಅಂಜಿಕೆಯೂ ಅದೇ. ಬೆರಗಿಗೆ ಸೋಲದೆ ಈ ವಿಧಾನವನ್ನು ಚಿಕಿತ್ಸೆಯ ಕೋಣೆಗೆ ತರಲು ಅವರಿಗೆ ಮೊದಲು ಏನನ್ನು ಕಲಿಸಬೇಕು?

ಮೊದಲ ಉತ್ತರ

ಇದರ ಬೇರುಗಳಿಂದ ಆರಂಭಿಸಿ. ಬರ್ಟ್ ಹೆಲಿಂಗರ್ (1925–2019) ಈ ವಿಧಾನವನ್ನು ಶೂನ್ಯದಿಂದ ಸೃಷ್ಟಿಸಲಿಲ್ಲ. ಬದುಕಿನ ಸನ್ನಿವೇಶಗಳನ್ನು ಅಭಿನಯಿಸಿ ನೋಡುವ ಮೊರೆನೊ ಅವರ ಸೈಕೋಡ್ರಾಮಾ, ಜನರನ್ನು ಭಂಗಿಗಳಲ್ಲಿ ನಿಲ್ಲಿಸಿ ಕುಟುಂಬದ ಸಂಬಂಧಗಳನ್ನು ತೋರಿಸುವ ವರ್ಜೀನಿಯಾ ಸಟೀರ್ ಅವರ ಕುಟುಂಬ ಶಿಲ್ಪ, ತಲೆಮಾರುಗಳ ನಡುವಿನ ಅಗೋಚರ ನಿಷ್ಠೆಗಳ ಕುರಿತು ಕುಟುಂಬ ಚಿಕಿತ್ಸಕ ಬೊಸೊರ್ಮೆನಿ-ನಾಜ್ ಮಂಡಿಸಿದ ವಿಚಾರ, ಪಾದ್ರಿಯಾಗಿ ದಕ್ಷಿಣ ಆಫ್ರಿಕಾದ ಜುಲು ಜನರ ನಡುವೆ ಕಳೆದ ವರ್ಷಗಳಲ್ಲಿ ಹೆಲಿಂಗರ್ ಕಂಡ ಪೂರ್ವಜರ ಮೇಲಿನ ಗೌರವ, ಇವೆಲ್ಲ ಅದರಲ್ಲಿ ಕೂಡಿಕೊಂಡಿವೆ. ನಿಮ್ಮ ಸಹೋದ್ಯೋಗಿಗಳಿಗೆ ಇವುಗಳಲ್ಲಿ ಅರ್ಧದಷ್ಟಾದರೂ ಪರಿಚಿತವಾಗಿರುತ್ತವೆ. ಆ ಪರಿಚಯವೇ ಬೆರಗನ್ನು ತಗ್ಗಿಸುತ್ತದೆ.

ಮೊದಲ ದಿನ ಪ್ರತಿನಿಧಿಗಳ ಬದಲು ಮೇಜಿನ ಮೇಲೆ ಮರದ ಗೊಂಬೆಗಳನ್ನು ಮಾತ್ರ ಬಳಸಿ. ನನ್ನ ಬಳಿ ಬಂದಿದ್ದ ಒಬ್ಬರು ತಾಯಿಯ ಗೊಂಬೆಯನ್ನು ಗೋಡೆಯ ಕಡೆಗೆ ತಿರುಗಿಸಿ, ತಮ್ಮದನ್ನು ಅದರ ಬೆನ್ನ ಹಿಂದೆ ತೀರ ಹತ್ತಿರದಲ್ಲಿಟ್ಟರು. "ತಾಯಿ ಯಾರನ್ನು ನೋಡುತ್ತಿದ್ದಾರೆ?" ಎಂದಷ್ಟೇ ಕೇಳಿದೆ. ಬಹಳ ಹೊತ್ತಿನ ಮೌನದ ನಂತರ ಅವರು, ತಮಗಿಂತ ಮೊದಲು ಹುಟ್ಟಿ ತೀರಿಕೊಂಡಿದ್ದ, ಮನೆಯಲ್ಲಿ ಯಾರೂ ಹೆಸರೆತ್ತದ ಅಣ್ಣನಿಗಾಗಿ ಇನ್ನೊಂದು ಗೊಂಬೆಯನ್ನು ತೆಗೆದುಕೊಂಡರು. ಅರ್ಥವನ್ನು ನಾನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಚಿಕಿತ್ಸಕರು ಕಲಿಯಬೇಕಾದದ್ದು ಹೀಗೆ ಕಾಯುವುದನ್ನು.

ಎರಡನೆಯ ಉತ್ತರ

ಗೊಂಬೆಗಳ ಬಗ್ಗೆ ಒಪ್ಪುತ್ತೇನೆ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಪ್ರತಿಯೊಬ್ಬರೂ ಒಮ್ಮೆಯಾದರೂ ಪ್ರತಿನಿಧಿಯಾಗಿ ನಿಲ್ಲಲಿ. ಮೈಯಲ್ಲಿ ಏಳುವ ಭಾವ ನಿಜವಾಗಿಯೂ ಬಲವಾದದ್ದು ಎಂಬುದೂ, ಅದರಲ್ಲಿ ನಮ್ಮ ಸ್ವಂತ ಬದುಕಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಎಷ್ಟು ಕಷ್ಟ ಎಂಬುದೂ ನಿಂತವರಿಗಷ್ಟೇ ಅರಿವಾಗುತ್ತದೆ. ಪಾತ್ರದಿಂದ ಹೊರಬರಲು ಸಾಕಷ್ಟು ಸಮಯ ಕೊಡಿ. ಆತುರದಲ್ಲಿ ಮುಗಿಸಿದ ಅಧಿವೇಶನದ ಭಾರವನ್ನು ಪ್ರತಿನಿಧಿ ಮನೆಗೆ ಹೊತ್ತೊಯ್ಯುತ್ತಾರೆ.

ಸಂಶೋಧನೆಯನ್ನೂ ಪ್ರಾಮಾಣಿಕವಾಗಿ ಮುಂದಿಡಿ. 2013ರಲ್ಲಿ ಪ್ರಕಟವಾದ ಹೈಡಲ್‌ಬರ್ಗ್‌ನ ಯಾದೃಚ್ಛಿಕ ಪ್ರಯೋಗದಲ್ಲಿ (ಜನರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ ಹೋಲಿಸುವ ಪ್ರಯೋಗ) 208 ವಯಸ್ಕರು ಭಾಗವಹಿಸಿದ್ದರು. ಗುಂಪು ಅಧಿವೇಶನದ ನಾಲ್ಕು ತಿಂಗಳ ನಂತರವೂ ಅದರಲ್ಲಿ ಪಾಲ್ಗೊಂಡವರಲ್ಲಿ ಸುಧಾರಣೆ ಕಂಡುಬಂದಿತ್ತು. ಆದರೆ ಅವರು ಸಾಮಾನ್ಯ ಜನರು. ರೋಗನಿರ್ಣಯವಾಗಿ ಚಿಕಿತ್ಸೆಗೆ ಬಂದವರಿಗೂ ಅದೇ ಫಲ ಸಿಗುತ್ತದೆ ಎಂದು ಅದರಿಂದ ಹೇಳಲಾಗದು.

ಮೂರನೆಯ ಉತ್ತರ

ಯಾರನ್ನು ಸೇರಿಸಿಕೊಳ್ಳಬಾರದು ಎಂಬುದಕ್ಕೆ ಅರ್ಧ ದಿನವನ್ನೇ ಮೀಸಲಿಡಿ. ಸೈಕೋಸಿಸ್‌ನ ಲಕ್ಷಣಗಳಿರುವವರು (ವಾಸ್ತವದ ಅರಿವು ತಪ್ಪಿದವರು), ಆತ್ಮಹತ್ಯೆಯ ಯೋಚನೆಯಲ್ಲಿರುವವರು, ಇತ್ತೀಚಿನ ಆಘಾತದಿಂದ ಇನ್ನೂ ಚೇತರಿಸಿಕೊಳ್ಳದವರು ಗುಂಪಿನ ಅಧಿವೇಶನಕ್ಕೆ ಬರಬಾರದು. ಹಿರಿಯರ ಸ್ಥಾನಕ್ಕೆ ತಲೆಬಾಗಬೇಕೆಂಬ ಹೆಲಿಂಗರ್ ಅವರ ನಿಲುವನ್ನು ದೌರ್ಜನ್ಯಕ್ಕೆ ಒಳಗಾದ ವ್ಯಕ್ತಿಯ ಮೇಲೆ ಹೇರಿದರೆ ಅದು ಎರಡನೆಯ ದೌರ್ಜನ್ಯವಾಗುತ್ತದೆ. ಜರ್ಮನಿಯ ವ್ಯವಸ್ಥಾತ್ಮಕ ಚಿಕಿತ್ಸಕರು (ಒಬ್ಬರ ತೊಂದರೆಯನ್ನು ಅವರ ಕುಟುಂಬದ ಸಂಬಂಧಗಳ ಜಾಲದಲ್ಲಿಟ್ಟು ನೋಡುವವರು) 2004ರ ಪಾಟ್ಸ್‌ಡ್ಯಾಮ್ ಘೋಷಣೆಯಲ್ಲಿ ಹೆಲಿಂಗರ್ ಅವರಿಂದ ದೂರ ಸರಿದದ್ದು ಇಂಥ ಅಪ್ಪಣೆಯ ಧಾಟಿಯಿಂದಲೇ. "ನಿಮ್ಮ ಕಾಯಿಲೆ ಅಜ್ಜನ ತಪ್ಪಿನಿಂದ ಬಂದದ್ದು" ಎಂಬಂಥ ಮಾತನ್ನು ಯಾವ ಚಿಕಿತ್ಸಕರೂ ಆಡಕೂಡದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಮೊದಲ ದಿನ ಗೊಂಬೆಗಳು, ಎರಡನೆಯ ದಿನದ ಬೆಳಗ್ಗೆ ಆಯ್ಕೆ ಮತ್ತು ಅಪಾಯಗಳ ಚರ್ಚೆ, ಆನಂತರವಷ್ಟೇ ಒಂದೇ ಒಂದು ಗುಂಪು ಅಧಿವೇಶನ ಎಂದು ನಿರ್ಧರಿಸಿದ್ದೇನೆ. ಅದರಲ್ಲಿ ರೋಗಿಗಳ ಕುಟುಂಬಗಳನ್ನು ತೆಗೆದುಕೊಳ್ಳುವುದಿಲ್ಲ. ಒಪ್ಪಿದರೆ ನಮ್ಮಲ್ಲೇ ಒಬ್ಬರ ಕುಟುಂಬವನ್ನು ತೆಗೆದುಕೊಳ್ಳುತ್ತೇವೆ, ಯಾರೂ ಒಪ್ಪದಿದ್ದರೆ ಆ ಅಧಿವೇಶನವನ್ನೇ ಕೈಬಿಡುತ್ತೇವೆ.