ಹಳೆಯ ಲಿಂಕನ್ ಮಾರ್ಕ್ ಎಯ್ಟ್ ಕಾರು ತಗೊಳ್ಳಬಹುದಾ? ಇಟ್ಟುಕೊಂಡವರು ದಯವಿಟ್ಟು ಅನುಭವ ಹೇಳಿ

ಕೊಲಂಬಸ್ ಹೊಸಬ:
ಎಲ್ಲರಿಗೂ ನಮಸ್ಕಾರ. ಓಹಾಯೋದ ಕೊಲಂಬಸ್‌ನಲ್ಲಿದ್ದೇನೆ. ಪಕ್ಕದ ಬೀದಿಯ ಹಿರಿಯರೊಬ್ಬರು ತಮ್ಮ 1998ರ ಲಿಂಕನ್ ಮಾರ್ಕ್ ಎಯ್ಟ್ ಎಲ್‌ಎಸ್‌ಸಿ ಮಾರುತ್ತಿದ್ದಾರೆ. 3,800 ಡಾಲರ್ ಕೇಳುತ್ತಿದ್ದಾರೆ. 96 ಸಾವಿರ ಮೈಲಿ ಓಡಿದೆ, ಗ್ಯಾರೇಜಿನಲ್ಲೇ ಇಟ್ಟಿದ್ದ ಗಾಡಿ. ಒಂದೇ ತೊಂದರೆ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಹಿಂಭಾಗ ಕೂತಿರುತ್ತದೆ, ಸ್ಟಾರ್ಟ್ ಮಾಡಿದ ಮೇಲೆ ನಿಧಾನವಾಗಿ ಏಳುತ್ತದೆ. ದಿನದ ಓಡಾಟಕ್ಕೆ ಬೇರೆ ಕಾರಿದೆ, ಇದು ವಾರಾಂತ್ಯಕ್ಕೆ. ಸಣ್ಣಪುಟ್ಟ ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ. ತಗೊಳ್ಳಲಾ? ಪಾರ್ಟ್ಸ್ ಸಿಗುತ್ತವಾ?

ನೋವೈ ಮಾರ್ಕ್:
ಕಣ್ಣು ಮುಚ್ಚಿ ತಗೊಳ್ಳಿ ಸರ್. ನನ್ನದು 1997ರದ್ದು. ಇದು ತಯಾರಾದ ಮಿಷಿಗನ್ನಿನ ವಿಕ್ಸಮ್ ಕಾರ್ಖಾನೆ ಇದ್ದ ಜಾಗ ನಮ್ಮ ಪಕ್ಕದ ಊರಲ್ಲೇ. 2007ರಲ್ಲಿ ಮುಚ್ಚಿದರು. ಆ ರಸ್ತೆಯಲ್ಲಿ ಹೋಗುವಾಗ ಈಗಲೂ ಬೇಜಾರಾಗುತ್ತದೆ.

ಇಂಜಿನ್ ಬಗ್ಗೆ ಯಾರಾದರೂ ಹೆದರಿಸಿದರೆ ಕೇಳಬೇಡಿ. 4.6 ಲೀಟರ್, 32 ವಾಲ್ವ್, ಅಲ್ಯೂಮಿನಿಯಂ ಬ್ಲಾಕ್. ಆ ಬ್ಲಾಕ್ ಎರಕ ಹೊಯ್ದದ್ದು ಇಟಲಿಯ ಟೆಕ್ಸಿಡ್. ಎಲ್‌ಎಸ್‌ಸಿಯಲ್ಲಿ 290 ಕುದುರೆ ಶಕ್ತಿ. ಟೈಮಿಂಗ್ ಬೆಲ್ಟ್ ಇಲ್ಲ, ಚೈನು. ಗೇರ್‌ಬಾಕ್ಸ್ 4ಆರ್70ಡಬ್ಲ್ಯು, ಕ್ರೌನ್ ವಿಕ್ಟೋರಿಯಾಗೂ ಅದೇ, ಎಫ್-150ಗೂ ಅದೇ. ಯಾವ ಊರಲ್ಲೂ ರಿಪೇರಿ ಆಗುತ್ತದೆ. ನನ್ನದು 45 ಮೈಲಿ ವೇಗದಲ್ಲಿ ರಂಬಲ್ ಸ್ಟ್ರಿಪ್ ಮೇಲೆ ಹೋದ ಹಾಗೆ ನಡುಗುತ್ತಿತ್ತು. ಒಂದು ಶಾಪ್‌ನವರು ಟಾರ್ಕ್ ಕನ್ವರ್ಟರ್ ಹೋಗಿದೆ, 1,400 ಡಾಲರ್ ಅಂದರು. ಗೇರ್‌ಬಾಕ್ಸಿನ ಹಳೆಯ ಆಯಿಲ್ ಪೂರ್ತಿ ತೆಗೆದು ಮರ್ಕಾನ್ ಫೈವ್ ಆಯಿಲ್ ಹಾಕಿದೆ. ನಡುಕ ಹೋಯಿತು. ಖರ್ಚು 92 ಡಾಲರ್.

ದುಡ್ಡು ತಿಂದದ್ದು ಏರ್ ಸಸ್ಪೆನ್ಷನ್, ಅಂದರೆ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಸ್ಪ್ರಿಂಗ್ ಮೇಲೆ ಕಾರು ನಿಲ್ಲುವ ವ್ಯವಸ್ಥೆ. ಹಿಂದಿನ ಏರ್ ಸ್ಪ್ರಿಂಗ್ ಜೋಡಿ 236. ಮುಂದಿನ ಏರ್ ಸ್ಟ್ರಟ್ ಜೋಡಿ 540. ಡ್ರೈಯರ್ ಸಮೇತ ಕಂಪ್ರೆಸರ್ 215. ರಿಲೇ 28. ಓ ರಿಂಗುಗಳು 14. ಒಟ್ಟು 1,033 ಡಾಲರ್, ಕೆಲಸ ನಾನೇ ಮಾಡಿಕೊಂಡೆ. ರಬ್ಬರ್ ಬಿರುಕು ಬಿಟ್ಟು ಗಾಳಿ ಸೋರಿದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಜನ ಸುಟ್ಟ ಕಂಪ್ರೆಸರ್ ಮಾತ್ರ ಬದಲಿಸುತ್ತಾರೆ, ಸೋರಿಕೆ ಬಿಡುತ್ತಾರೆ, ಹೊಸದೂ ಸುಡುತ್ತದೆ. ಆಮೇಲೆ ಕಾರನ್ನು ಬೈಯುತ್ತಾರೆ.

ಟ್ಯಾಂಪಾ ಕಾಯಿಲ್:
ಇಷ್ಟೆಲ್ಲ ಯಾಕೆ? ನನ್ನ 1995ಕ್ಕೆ ಏರ್ ಸ್ಪ್ರಿಂಗ್ ತೆಗೆದು ನಾಲ್ಕೂ ಕಡೆ ಮಾಮೂಲಿ ಉಕ್ಕಿನ ಕಾಯಿಲ್ ಸ್ಪ್ರಿಂಗ್ ಕಿಟ್ ಹಾಕಿಸಿದೆ. ಕಿಟ್ 460, ಲೇಬರ್ 350, ಅಲೈನ್‌ಮೆಂಟ್ 90. ಆಮೇಲೆ ಆ ಕಡೆ ತಿರುಗಿಯೂ ನೋಡಿಲ್ಲ. ಗಾಳಿ ಇಲ್ಲ, ಕಂಪ್ರೆಸರ್ ಇಲ್ಲ, ಬೆಳಿಗ್ಗೆ ಎದ್ದು ಕಾರು ಕೂತಿದೆಯಾ ಅಂತ ಇಣುಕುವ ಕರ್ಮ ಇಲ್ಲ. ಇಲ್ಲಿನ ಬಿಸಿಲಿಗೆ ರಬ್ಬರ್ ಬಾಳುವುದಿಲ್ಲ.

ನೋವೈ ಮಾರ್ಕ್:
ಮಾರ್ಕ್ ಎಯ್ಟ್‌ಗೆ ಕಾಯಿಲ್ ಹಾಕಿದ ಮೇಲೆ ಅದು ಮಾರ್ಕ್ ಎಯ್ಟ್ ಅಲ್ಲ. 55 ಮೈಲಿ ವೇಗ ದಾಟಿದರೆ ಕಾರು ತಾನಾಗಿ ಸ್ವಲ್ಪ ತಗ್ಗುತ್ತದೆ. ಆ ಓಟಕ್ಕೇ ಅಲ್ವಾ ಈ ಕಾರು ತಗೊಳ್ಳುವುದು? ಮುಂದೆ ಮಾರುವಾಗ ತಿಳಿದವರು ಕೇಳುವ ಮೊದಲ ಪ್ರಶ್ನೆಯೇ ಇದು.

ಟ್ಯಾಂಪಾ ಕಾಯಿಲ್:
ನಾನು ಮಾರುವುದಿಲ್ಲ ಸ್ವಾಮಿ. ಓಡಿಸುತ್ತೇನೆ. ನಿಮ್ಮ ಹಾಗೆ ಚಳಿಗಾಲ ಪೂರ್ತಿ ಬಟ್ಟೆ ಹೊದಿಸಿ ಇಡುವುದಿಲ್ಲ.

ಹೂಸ್ಟನ್ ಎಲ್ಡೊ:
ಗಾಳಿ ಸೋರಿದ್ದಕ್ಕೇ ಇಷ್ಟು ಗೋಳಾ? ನನ್ನ ಕಥೆ ಕೇಳಿ. 1999ರ ಕ್ಯಾಡಿಲಾಕ್ ಎಲ್ಡೊರಾಡೊ ಟೂರಿಂಗ್ ಕೂಪ್. ನಾರ್ತ್‌ಸ್ಟಾರ್ ವಿ8, 300 ಕುದುರೆ ಶಕ್ತಿ. 2,900ಕ್ಕೆ ತಗೊಂಡೆ. ಆಮೇಲೆ ಕೂಲೆಂಟ್ ಸ್ವಲ್ಪ ಸ್ವಲ್ಪ ಕಡಿಮೆ ಆಗತೊಡಗಿತು. ಹೆದ್ದಾರಿಯಲ್ಲಿ ಏರು ಬಂದರೆ ಟೆಂಪರೇಚರ್ ಮುಳ್ಳು ಏರುತ್ತಿತ್ತು.

ಇಲ್ಲಿನ ಒಂದು ಶಾಪ್ ನನ್ನನ್ನು ಸುಲಿಯಿತು. ಮೊದಲು ಥರ್ಮೋಸ್ಟಾಟ್ ಅಂದರು, 140. ಆಮೇಲೆ ವಾಟರ್ ಪಂಪ್, 310. ಆಮೇಲೆ ರೇಡಿಯೇಟರ್, 485. ಒಟ್ಟು 935 ಡಾಲರ್ ನೀರಿಗೆ ಹೋಯಿತು. ಸರ್ಜ್ ಟ್ಯಾಂಕ್ (ಕೂಲೆಂಟ್ ತುಂಬುವ ಡಬ್ಬಿ) ಬಾಯಿಗೆ ಬ್ಲಾಕ್ ಟೆಸ್ಟ್ ಟ್ಯೂಬ್ ಇಟ್ಟು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ನೀಲಿ ದ್ರವ ಹಳದಿ ಆದರೆ ಸಿಲಿಂಡರಿನ ಹೊಗೆ ಕೂಲೆಂಟಿಗೆ ಹೋಗುತ್ತಿದೆ ಅಂತ ಅರ್ಥ. ಆ ಟೆಸ್ಟ್ ಕೊನೆಗೆ ನಾನೇ ಮಾಡಿದೆ.

ಹೆಡ್ ಗ್ಯಾಸ್ಕೆಟ್ ಅಂತ ಎಲ್ಲರೂ ಹೇಳುತ್ತಾರೆ. ನಿಜವಾದ ರೋಗ ಗ್ಯಾಸ್ಕೆಟ್ ಅಲ್ಲ, ಬ್ಲಾಕಿನ ಮರೆ (ಬೋಲ್ಟಿನ ಥ್ರೆಡ್). ಅಲ್ಯೂಮಿನಿಯಂ ಬ್ಲಾಕಿನಲ್ಲಿ ಹೆಡ್ ಬೋಲ್ಟ್ ಕೂರುವ ಮರೆ ಸವೆದು ಕಿತ್ತು ಬರುತ್ತದೆ. ಬಿಗಿ ಹೋದ ಮೇಲೆ ಗ್ಯಾಸ್ಕೆಟ್ ಏನು ಮಾಡೀತು? ಬೋಲ್ಟ್ ಬಿಚ್ಚಿದಾಗ ಕೆಲವಕ್ಕೆ ಅಲ್ಯೂಮಿನಿಯಂ ಪುಡಿ ಅಂಟಿಕೊಂಡೇ ಬಂತು. ಒಂದೊಂದು ಹೆಡ್‌ಗೆ ಹತ್ತು ಬೋಲ್ಟ್. ಇಪ್ಪತ್ತೂ ತೂತು ಕೊರೆದು ದಪ್ಪ ಮರೆಯ ಸ್ಟಡ್ ಹಾಕಿಸಿದೆ. ಅದಕ್ಕೆ ಇಂಜಿನ್ನು, ಗೇರ್‌ಬಾಕ್ಸು, ಕ್ರೇಡಲ್ ಸಮೇತ ಕೆಳಗಿನಿಂದ ಇಳಿಸಬೇಕು. ಸ್ಟಡ್ ಕಿಟ್ 690, ಗ್ಯಾಸ್ಕೆಟ್ ಸೆಟ್ 340, ಹೆಡ್ ಮಷೀನಿಂಗ್ 420, ಲೇಬರ್ 2,600. ಅಲ್ಲಿಗೆ 4,050. ಮೊದಲಿನ 935 ಸೇರಿಸಿ. ಇಂಜಿನ್ ಕೆಳಗಿದ್ದಾಗಲೇ ಸ್ಟಾರ್ಟರ್ ಕೂಡ ಬದಲಿಸಿದೆ. ಅದು ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಹುದುಗಿರುತ್ತದೆ, ಇನ್ನೊಂದು ಸಲ ಬಿಚ್ಚುವುದು ಯಾರಿಗೆ ಬೇಕು?

ಈಗ ಆಗಸ್ಟ್ ಬಿಸಿಲಲ್ಲಿ ಎಸಿ ಹಾಕಿ ಡಲ್ಲಾಸ್‌ಗೆ ಹೋಗಿ ಬರುತ್ತೇನೆ, ಮುಳ್ಳು ಅಲ್ಲಾಡುವುದಿಲ್ಲ. ಕಾರಿನ ಬೆಲೆಗಿಂತ ರಿಪೇರಿ ಜಾಸ್ತಿ ಅಂತ ನಗುವವರು ನಗಲಿ.

ಕೊಲಂಬಸ್ ಹೊಸಬ:
ಧನ್ಯವಾದ ಸರ್. ಆದರೆ ನಾನು ನೋಡುತ್ತಿರುವುದು ಲಿಂಕನ್. ಹಿಂಭಾಗ ಕೂರುವುದಕ್ಕೆ ಮೊದಲು ಏನು ನೋಡಬೇಕು?

ರಿವಿಯೆರಾ 98:
ಲಿಂಕನ್ ಆಗಲಿ ಕ್ಯಾಡಿಲಾಕ್ ಆಗಲಿ, ನಾಲ್ಕು ಕ್ಯಾಮ್‌ಶಾಫ್ಟ್ ಇರುವ ಇಂಜಿನ್ ಯಾಕೆ ಬೇಕು? ನನ್ನದು 1998ರ ಬ್ಯೂಕ್ ರಿವಿಯೆರಾ. 3800 ಸೀರೀಸ್ ಟು ಅನ್ನುವ ವಿ6 ಇಂಜಿನ್, ಸೂಪರ್‌ಚಾರ್ಜರ್, 240 ಕುದುರೆ ಶಕ್ತಿ. ಇದೇ ಇಂಜಿನ್ ಪಾಂಟಿಯಾಕ್ ಗ್ರ್ಯಾಂಡ್ ಪ್ರೀ ಜಿಟಿಪಿಯಲ್ಲಿದೆ, ಪಾರ್ಕ್ ಅವೆನ್ಯೂ ಅಲ್ಟ್ರಾದಲ್ಲಿದೆ. ಕೂಲೆಂಟ್ ಹೋಗುವ ಪ್ಲಾಸ್ಟಿಕ್ ಎಲ್ಬೋ (ಬಾಗಿದ ಪೈಪು) ಒಡೆಯಿತು, 11 ಡಾಲರ್. ಸೂಪರ್‌ಚಾರ್ಜರ್ ಮೂತಿಯೊಳಗಿನ ಕಪ್ಲರ್ ಗಡಗಡ ಅನ್ನುತ್ತಿತ್ತು, 24 ಡಾಲರ್. ಇಂಜಿನ್ನಿಗೆ ಆದ ಖರ್ಚು ಇಷ್ಟೇ.

ಆದರೆ ಒಂದು ಮಾತು ಯಾರೂ ಹೇಳುತ್ತಿಲ್ಲ. ಈ ಕಾರುಗಳನ್ನು ಕೊಲ್ಲುವುದು ಇಂಜಿನ್ ಅಲ್ಲ, ಆ ಒಂದೇ ಮಾಡೆಲ್‌ಗೆ ಮಾಡಿದ ಸಾಮಾನು. ಪಾರ್ಕಿಂಗ್‌ನಲ್ಲಿ ಯಾರೋ ಹಿಂದಿನಿಂದ ಗುದ್ದಿ ಹೋದರು. ಟೇಲ್ ಲೈಟ್ ಒಡೆಯಿತು. ಹೊಸದು ಎಲ್ಲೂ ಇಲ್ಲ. ಮಿಷಿಗನ್ನು, ಇಂಡಿಯಾನಾ, ಇಲಿನಾಯ್ ಜಂಕ್‌ಯಾರ್ಡ್‌ಗಳಿಗೆಲ್ಲ ಫೋನ್ ಮಾಡಿದೆ. ಎರಡು ಬಾಗಿಲಿನ ರಿವಿಯೆರಾ ಯಾರ್ಡಿಗೆ ಬರುವುದೇ ಅಪರೂಪ, ಬಂದರೂ ವಾರದೊಳಗೆ ಕ್ರಷರ್‌ಗೆ. ಕೊನೆಗೆ ಜಾರ್ಜಿಯಾದಿಂದ ಬಂತು. ದೀಪಕ್ಕೆ 375, ಸಾಗಣೆ 68. ಪ್ಯಾಕಿಂಗ್ ಸರಿ ಇಲ್ಲದೆ ದೀಪ ಕೂರಿಸುವ ಕಿವಿ ಮುರಿದು ಬಂತು. ಎಪಾಕ್ಸಿ ಹಾಕಿ ಕೂರಿಸಿದೆ. ಇಂಜಿನ್ನಿಗೆ 35 ಡಾಲರ್, ಒಂದು ದೀಪಕ್ಕೆ 443!

ಹೂಸ್ಟನ್ ಎಲ್ಡೊ:
ಓಬಿರಾಯನ ಕಾಲದ ಪುಶ್‌ರಾಡ್ ಇಂಜಿನ್ ಇಟ್ಟುಕೊಂಡು ನಾರ್ತ್‌ಸ್ಟಾರ್ ಬಗ್ಗೆ ಮಾತಾಡಬೇಡಿ. ಕೂಲೆಂಟ್ ಪೂರ್ತಿ ಸೋರಿಹೋದರೂ ನಾಲ್ಕು ನಾಲ್ಕೇ ಸಿಲಿಂಡರ್ ಉರಿಸಿಕೊಂಡು ಮನೆ ಸೇರಿಸುವ ಇಂಜಿನ್ ಅದು. ಮತ್ತೆ ಆ ಎಲ್ಬೋ ಒಡೆಯುವುದು ಡೆಕ್ಸ್‌ಕೂಲ್ ಕೂಲೆಂಟ್ ಸಮಯಕ್ಕೆ ಬದಲಿಸದ ಕಾರಣಕ್ಕೆ.

ರಿವಿಯೆರಾ 98:
ಡೆಕ್ಸ್‌ಕೂಲ್ ಸಮಯಕ್ಕೆ ಸರಿಯಾಗಿ ಬದಲಿಸಿದ್ದೇನೆ, ಬಿಲ್ ಇದೆ. ಅದು ಪ್ಲಾಸ್ಟಿಕ್. ಬಿಸಿಗೆ ಪೆಡಸಾಗಿ ಒಡೆಯುತ್ತದೆ. 11 ಡಾಲರ್ ಎಲ್ಬೋಗೂ ನಿಮ್ಮ 4,050ಕ್ಕೂ ಹೋಲಿಕೆ ಮಾಡುತ್ತೀರಲ್ಲ, ಏನು ಹೇಳುವುದು.

ಹೂಸ್ಟನ್ ಎಲ್ಡೊ:
ನನ್ನ ದುಡ್ಡು, ನನ್ನ ಕಾರು. ನಿಮಗೇನು ಕಷ್ಟ?

ಸನ್ನಿವೇಲ್:
ಕ್ಯಾಲಿಫೋರ್ನಿಯಾದವರು ಯಾರೂ ಇದಕ್ಕೆ ಕೈ ಹಾಕಬೇಡಿ. ನನ್ನ ಹತ್ತಿರ 1996ರ ಮಾರ್ಕ್ ಎಯ್ಟ್ ಇತ್ತು. ಇಲ್ಲಿ 1976ರಿಂದ ಈಚಿನ ಪೆಟ್ರೋಲ್ ಗಾಡಿಗಳಿಗೆ, ತೀರಾ ಹೊಸದು ಬಿಟ್ಟರೆ, ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ). ಎಷ್ಟು ಹಳೆಯದಾದರೂ ವಿನಾಯಿತಿ ಇಲ್ಲ. ಕೆಟಲಿಟಿಕ್ ಕನ್ವರ್ಟರ್ ಹೋಯಿತು. ಬೇರೆ ರಾಜ್ಯಗಳಲ್ಲಿ ಮಾರುವ ಅಗ್ಗದ್ದು ಇಲ್ಲಿ ನಡೆಯುವುದಿಲ್ಲ, ಈ ರಾಜ್ಯದ ಒಪ್ಪಿಗೆ ಇರುವುದೇ ಬೇಕು. 2,150 ಡಾಲರ್ ಅಂದರು, ಅದೂ ಯಾವಾಗ ಸಿಗುತ್ತದೋ ಗೊತ್ತಿಲ್ಲ ಅಂದರು. ಕಾರು ಚೆನ್ನಾಗೇ ಓಡುತ್ತಿತ್ತು. 900 ಡಾಲರಿಗೆ ಕೊಟ್ಟೆ. ಹೊಟ್ಟೆ ಉರಿಯುತ್ತದೆ. ಈಗ ಕ್ಯಾಮ್ರಿ ಇದೆ. ನೀವೂ ಅದನ್ನೇ ತಗೊಳ್ಳಿ.

ನೋವೈ ಮಾರ್ಕ್:
ಓಹಾಯೋದವರಿಗೆ ಕ್ಯಾಲಿಫೋರ್ನಿಯಾ ಕಾನೂನು ಹೇಳಿ ಹೆದರಿಸುವುದು ಯಾಕೆ?

ಸನ್ನಿವೇಲ್:
ಅನುಭವ ಕೇಳಿದರು, ಹೇಳಿದೆ. ಹೊಗಳುವವರು ಮಾತ್ರ ಬರೆಯಬೇಕು ಅಂತ ಇದೆಯಾ?

ಜಯನಗರ 4ನೇ ಬ್ಲಾಕ್:
ಸುಮ್ನೆ ಓದುತ್ತಿದ್ದೆ, ತಡೆಯಲಾಗಲಿಲ್ಲ. ನನ್ನ ಭಾವ ಚಿಕಾಗೋದಲ್ಲಿದ್ದಾರೆ, ಅವರ ಎಲ್ಡೊರಾಡೊ ಬೆಂಗಳೂರಿಗೆ ತರಿಸಬಹುದಾ?

ರಿವಿಯೆರಾ 98:
ಆಗುವುದಿಲ್ಲ. ಬಳಸಿದ ಕಾರು ಭಾರತಕ್ಕೆ ತರಬೇಕಾದರೆ ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಭಾವನವರ ಹತ್ತಿರ ಬಂದಾಗ ಓಡಿಸಿ.

ಡೇಟನ್‌ನಿಂದ:
ಕೊಲಂಬಸ್‌ನವರೇ, ನಾನು ಪಕ್ಕದಲ್ಲೇ ಇದ್ದೇನೆ. 1994ರ ಮಾರ್ಕ್ ಎಯ್ಟ್ ನನ್ನದು. ದುಡ್ಡು ಕೊಡುವ ಮೊದಲು ಸೋಪು ನೀರು ತಗೊಂಡು ಹೋಗಿ. ಕಾರು ಪೂರ್ತಿ ಎದ್ದಿರುವಾಗ ಹಿಂದಿನ ಏರ್ ಸ್ಪ್ರಿಂಗ್ ಮೇಲೆ ಸಿಂಪಡಿಸಿ. ಸೊಲೆನಾಯ್ಡ್ (ಗಾಳಿ ಬಿಡುವ ವಾಲ್ವ್) ಕೂರುವ ಜಾಗದಲ್ಲಿ ಗುಳ್ಳೆ ಬಂದರೆ ಓ ರಿಂಗ್ ಸಾಕು, ನನಗೆ 9 ಡಾಲರಿನಲ್ಲಿ ಮುಗಿಯಿತು. ರಬ್ಬರ್ ಮಡಿಕೆಯಲ್ಲಿ ಗುಳ್ಳೆ ಬಂದರೆ ಸ್ಪ್ರಿಂಗೇ ಬೇಕು. ಜ್ಯಾಕ್ ಹಾಕುವ ಮೊದಲು ಡಿಕ್ಕಿಯಲ್ಲಿರುವ ಏರ್ ಸಸ್ಪೆನ್ಷನ್ ಸ್ವಿಚ್ ಆಫ್ ಮಾಡಿ. ಮರೆಯಲೇಬಾರದು.

ಅದಕ್ಕಿಂತ ಮುಖ್ಯ, ದೀಪ ನೋಡಿ. 1997, 98ರ ಹೆಡ್‌ಲೈಟ್ ಹಿಂದಿನ ವರ್ಷಗಳದ್ದಕ್ಕಿಂತ ಬೇರೆ, ನನ್ನ ಕಾರಿನದ್ದು ನಿಮಗೆ ಆಗುವುದಿಲ್ಲ. ಡಿಕ್ಕಿ ಮೇಲೆ ಉದ್ದಕ್ಕೆ ಇರುವ ನಿಯಾನ್ ದೀಪ ಪೂರ್ತಿ ಹತ್ತುತ್ತದಾ ನೋಡಿ. ಅದು ಹೋಗಿದ್ದರೆ 3,800 ಜಾಸ್ತಿ ಆಯಿತು. ಹಬ್ ಬೇರಿಂಗ್, ಕಂಟ್ರೋಲ್ ಆರ್ಮ್‌ಗೆ ತಲೆ ಕೆಡಿಸಿಕೊಳ್ಳಬೇಡಿ, ಥಂಡರ್‌ಬರ್ಡ್‌ನದ್ದು ಬಹುಪಾಲು ಹೊಂದುತ್ತದೆ. ಗ್ಯಾರೇಜ್ ಗಾಡಿ ಅಂದರೆ ತಳದಲ್ಲಿ ತುಕ್ಕು ಇರಲಿಕ್ಕಿಲ್ಲ. ಆದರೂ ಮಲಗಿ ನೋಡಿ, ನಮ್ಮ ಕಡೆ ರಸ್ತೆಗೆ ಸುರಿಯುವ ಉಪ್ಪು ಗೊತ್ತಲ್ಲ.

ನೋವೈ ಮಾರ್ಕ್:
ತಗೊಂಡ ಮೇಲೆ ಹಿಸ್ಟಾರಿಕ್ ಪ್ಲೇಟ್ (ಹಳೆಯ ಕಾರುಗಳ ವಿಶೇಷ ನಂಬರ್ ಪ್ಲೇಟ್) ಹಾಕಿಸಿ. ಓಹಾಯೋದಲ್ಲಿ 25 ವರ್ಷ ದಾಟಿದರೆ ಸಿಗುತ್ತದೆ.

ಟ್ರಾಯ್ ಥಂಡರ್‌ಬರ್ಡ್:
ನಾನೂ ಹಾಕಿಸಿದ್ದೇನೆ, ಮಿಷಿಗನ್ ಪ್ಲೇಟ್. ಆರಾಮಾಗಿ ಆಫೀಸಿಗೂ ಅದರಲ್ಲೇ ಹೋಗುತ್ತೇನೆ.

ನೋವೈ ಮಾರ್ಕ್:
ಅದು ತಪ್ಪು ಸರ್. ನಮ್ಮ ರಾಜ್ಯದಲ್ಲಿ ಆ ಪ್ಲೇಟ್ ಇರುವುದು ಪ್ರದರ್ಶನ, ಕ್ಲಬ್ ಕಾರ್ಯಕ್ರಮ, ಪರೇಡ್ ಇಂಥದ್ದಕ್ಕೆ. ಆಗಸ್ಟ್ ತಿಂಗಳು ಮಾತ್ರ ಬೇಕಾದ ಹಾಗೆ ಓಡಿಸಬಹುದು. ಹಳೆಯ ಕಾರುಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್ ನಡೆಯುವುದೂ ಅದೇ ತಿಂಗಳು. ಫೆಬ್ರವರಿಯಲ್ಲಿ ಆಫೀಸಿಗೆ ಹೋಗುವಾಗ ಗುದ್ದಿದರೆ ಇನ್ಶೂರೆನ್ಸ್‌ನವರು ಮೊದಲು ಅದನ್ನೇ ಕೇಳುತ್ತಾರೆ.

ಟ್ರಾಯ್ ಥಂಡರ್‌ಬರ್ಡ್:
ಇಷ್ಟು ವರ್ಷ ಯಾರೂ ಕೇಳಿಲ್ಲ. ನಿಮಗೆ ಯಾಕೆ?

ನೋವೈ ಮಾರ್ಕ್:
ಇಂಥವರು ಜಾಸ್ತಿ ಆದರೆ ನಾಳೆ ಆ ಪ್ಲೇಟೇ ತೆಗೆದು ಹಾಕುತ್ತಾರೆ, ಅದಕ್ಕೆ. ಕೊಲಂಬಸ್‌ನವರೇ, ಓಹಾಯೋದಲ್ಲೂ ಆ ಪ್ಲೇಟ್‌ನಲ್ಲಿ ದಿನದ ಓಡಾಟ ಇಲ್ಲ. ವಾರಾಂತ್ಯಕ್ಕೆ ಸುಮ್ನೆ ಸುತ್ತಾಡುವ ಯೋಚನೆ ಇದ್ದರೆ ಮಾಮೂಲಿ ಪ್ಲೇಟೇ ಇರಲಿ.