ನೇಪಾಳದಲ್ಲಿ ಗೈಡ್ ಜೊತೆ ಐಲ್ಯಾಂಡ್ ಪೀಕ್ ಹತ್ತಿದವರು ಇದ್ದೀರಾ? ಅನುಭವ ಹೇಳಿ

ಪ್ರಶ್ನೆ: ನಾನು, ನಮ್ಮ ಯಜಮಾನರು, ಇಬ್ಬರೂ ನಲವತ್ತು ದಾಟಿದವರು. ಸಂದಕ್‌ಫು, ಕೇದಾರಕಂಠ ಟ್ರೆಕ್ ಆಗಿದೆ. ಅಕ್ಟೋಬರ್‌ನಲ್ಲಿ ಎವರೆಸ್ಟ್ ಬೇಸ್ ಕ್ಯಾಂಪ್ ನೋಡಿಕೊಂಡು ಹಾಗೇ ಐಲ್ಯಾಂಡ್ ಪೀಕ್ ಹತ್ತುವ ಆಸೆ. ಒಂದು ಏಜೆನ್ಸಿ ಎರಡನ್ನೂ ಸೇರಿಸಿ 14 ದಿನದ ಪ್ಯಾಕೇಜ್ ಕೊಡುತ್ತಿದೆ, ರೇಟೂ ಕಡಿಮೆ. ಹಗ್ಗ ಹಿಡಿದು ಹಿಮ ಹತ್ತಿ ನಮಗೆ ಗೊತ್ತಿಲ್ಲ. "ಅಲ್ಲೇ ಕಲಿಸುತ್ತೇವೆ" ಅನ್ನುತ್ತಾರೆ. ನಂಬಬಹುದಾ?

*

ಮೇಡಂ, ರೇಟ್ ಪಕ್ಕಕ್ಕಿಡಿ, ಮೊದಲು ದಿನ ಎಣಿಸಿ. ಬೇಸ್ ಕ್ಯಾಂಪ್ ಒಂದಕ್ಕೇ ಹೆಚ್ಚುಕಡಿಮೆ ಅಷ್ಟು ದಿನ ಬೇಕು. ನಡಿಗೆ ಶುರುವಾಗುವ ಲುಕ್ಲಾ ಸುಮಾರು 2,860 ಮೀಟರ್, ದಾರಿಯ ಊರುಗಳಾದ ನಾಮ್ಚೆ 3,440, ಡಿಂಗ್‌ಬೋಚೆ 4,410, ಬೇಸ್ ಕ್ಯಾಂಪಿಗೆ ಮುಂಚಿನ ಕೊನೆಯ ತಂಗುದಾಣ ಗೋರಕ್ ಶೆಪ್ 5,160ರ ಹತ್ತಿರ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಬಿಡುವು ಇರಬೇಕು ಅಂತ ವೈದ್ಯರ ಲೆಕ್ಕ. ಅದಕ್ಕೇ ನಾಮ್ಚೆಯಲ್ಲಿ, ಡಿಂಗ್‌ಬೋಚೆಯಲ್ಲಿ ಎರಡೆರಡು ರಾತ್ರಿ ಉಳಿಸುತ್ತಾರೆ. ಬಿಡುವು ಅಂದರೆ ಹೊದ್ದು ಮಲಗುವುದಲ್ಲ. ಮೇಲಿನ ಗುಡ್ಡ ಹತ್ತಿ, ಸ್ವಲ್ಪ ಹೊತ್ತು ಕೂತು, ಮಲಗಲು ಕೆಳಗೆ ಬರುವುದು.

ಐಲ್ಯಾಂಡ್ ಪೀಕ್ 6,100 ಮೀಟರ್ ದಾಟುತ್ತದೆ. ಎರಡನ್ನೂ ಮಾಡಲು 18ರಿಂದ 20 ದಿನ ಇಟ್ಟುಕೊಳ್ಳಿ. 14ಕ್ಕೆ ಮುಗಿಸುತ್ತೇವೆ ಅನ್ನುವವರು ಎಲ್ಲಿ ದಿನ ಕತ್ತರಿಸಿದ್ದಾರೆ ಅಂತ ಪಟ್ಟಿ ತರಿಸಿ ನೋಡಿ. ಹೆಚ್ಚಾಗಿ ಈ ಬಿಡುವಿನ ದಿನಗಳೇ ಹೋಗಿರುತ್ತವೆ.

ಇನ್ನು ಲುಕ್ಲಾ ವಿಮಾನ. ರನ್‌ವೇ ಬರೀ 527 ಮೀಟರ್, ಒಂದು ತುದಿಗೆ ಬೆಟ್ಟ, ಇನ್ನೊಂದು ತುದಿಗೆ ಕಣಿವೆ. ಮೋಡ ಕವಿದರೆ ಆ ದಿನ ಹಾರಾಟವೇ ಇಲ್ಲ. ಸೀಸನ್‌ನಲ್ಲಿ ಬಹುಪಾಲು ವಿಮಾನ ಕಠ್ಮಂಡುವಿನಿಂದಲ್ಲ, ರಾಮೇಛಾಪ್‌ನ ಮಂಥಲಿಯಿಂದ ಹೊರಡುತ್ತವೆ. ಅಲ್ಲಿಗೆ ಜೀಪಿನಲ್ಲಿ ನಾಲ್ಕೈದು ಗಂಟೆ, ಅದೂ ನಡುರಾತ್ರಿ ಎದ್ದು. ವಾಪಸ್ ಬರುವಾಗ ಎರಡು ದಿನ ಕೈಯಲ್ಲಿ ಜಾಸ್ತಿ ಇರಲಿ.

*

ಶಿಖರದ ದಿನದ ಬಗ್ಗೆ ಮಾತ್ರ ಹೇಳುತ್ತೇನೆ. ರಾತ್ರಿ ಒಂದೋ ಎರಡೋ ಗಂಟೆಗೆ ಎಬ್ಬಿಸುತ್ತಾರೆ. ಮೊದಲು ಕತ್ತಲೆಯಲ್ಲಿ ಬಂಡೆ ಹಾದಿ. ಹಿಮ ಶುರುವಾಗುವ ಕಡೆ ಬೂಟಿಗೆ ಕ್ರ್ಯಾಂಪಾನ್ (ಹಿಮದಲ್ಲಿ ಜಾರದಂತೆ ಹಿಡಿಯುವ ಲೋಹದ ಮುಳ್ಳುಪಟ್ಟಿ) ಕಟ್ಟಿಕೊಳ್ಳಬೇಕು. ಆಮೇಲೆ ಹಿಮದ ಬಿರುಕುಗಳು, ಕೆಲವು ವರ್ಷ ಅವುಗಳ ಮೇಲೆ ಅಲ್ಯೂಮಿನಿಯಂ ಏಣಿ. ಕೊನೆಗೆ ಗೋಡೆಯ ಹಾಗೆ ನಿಂತ ಹಿಮದ ಇಳಿಜಾರು, ಅದಕ್ಕೆ ಹಗ್ಗ ಕಟ್ಟಿರುತ್ತಾರೆ.

"ಅಲ್ಲೇ ಕಲಿಸುತ್ತೇವೆ" ಅಂದರೆ ಐಲ್ಯಾಂಡ್ ಪೀಕ್‌ನ ಬೇಸ್ ಕ್ಯಾಂಪಿನಲ್ಲಿ ಒಂದು ಮಧ್ಯಾಹ್ನ, ಅಷ್ಟೇ. ಜೂಮಾರ್ (ಹಗ್ಗದ ಮೇಲೆ ಮೇಲಕ್ಕೆ ಮಾತ್ರ ಸರಿಯುವ, ಕೆಳಕ್ಕೆ ಜಾರದ ಹಿಡಿ) ಹಾಕಿ ಹತ್ತುವುದು ಯಾರಿಗಾದರೂ ಬೇಗ ಬರುತ್ತದೆ. ಕಷ್ಟ ಇರುವುದು ಹಗ್ಗದ ಒಂದು ತುಂಡು ಮುಗಿದು ಇನ್ನೊಂದು ಶುರುವಾಗುವ ಗಂಟಿನ ಹತ್ತಿರ. ಅಲ್ಲಿ ಮೊದಲು ಸೇಫ್ಟಿ ಕ್ಯಾರಬೈನರ್ (ಹಗ್ಗಕ್ಕೆ ಸಿಕ್ಕಿಸುವ ಲಾಕ್ ಇರುವ ಕೊಂಡಿ) ಬಿಚ್ಚಿ ಗಂಟಿನ ಆಚೆಗೆ ಹಾಕಬೇಕು. ಅದು ಲಾಕ್ ಆಯಿತು ಅಂತ ಖಾತ್ರಿಯಾದ ಮೇಲೆ ಜೂಮಾರ್ ಬಿಚ್ಚಬೇಕು. ಎರಡನ್ನೂ ಒಟ್ಟಿಗೆ ಬಿಚ್ಚಿದಿರೋ, ನಿಮ್ಮನ್ನು ಹಿಡಿದಿಡಲು ಏನೂ ಇಲ್ಲ. ಇದನ್ನೆಲ್ಲ ದಪ್ಪ ಗ್ಲೌಸ್‌ನಲ್ಲಿ, ಸುಸ್ತಾದ ತಲೆಯಲ್ಲಿ ಮಾಡಬೇಕು. ಮನೆಯಲ್ಲಿ ಕಿಟಕಿ ಸರಳಿಗೆ ಹಗ್ಗ ಕಟ್ಟಿ, ಗ್ಲೌಸ್ ಹಾಕಿ, ಕಣ್ಣು ಮುಚ್ಚಿ ನೂರು ಸಲ ಮಾಡಿ. ಯಜಮಾನರು ನಗಲಿ ಬಿಡಿ.

ಇಳಿಯುವುದನ್ನೂ ಅಷ್ಟೇ ಕಲಿಯಿರಿ. ಹತ್ತಿದ ಖುಷಿಯಲ್ಲಿ, ಕಾಲು ಸೋತಾಗಲೇ ಎಡವಟ್ಟು ಆಗುವುದು.

ಇನ್ನೊಂದು. ಇಬ್ಬರಿಗೆ ಒಬ್ಬನೇ ಕ್ಲೈಂಬಿಂಗ್ ಗೈಡ್ ಇದ್ದು, ನಿಮ್ಮಲ್ಲಿ ಒಬ್ಬರಿಗೆ ಸುಸ್ತಾಗಿ ವಾಪಸ್ ಹೊರಟರೆ ಇನ್ನೊಬ್ಬರೂ ಇಳಿಯಲೇಬೇಕು. ಬೇಡ ಅಂದರೆ ಇಬ್ಬರು ಗೈಡ್ ಕೇಳಿ, ದುಡ್ಡು ಜಾಸ್ತಿಯಾಗುತ್ತದೆ.

*

ನನ್ನ ಮಾತು ಸ್ವಲ್ಪ ಬೇರೆ. ಮೊದಲ ಸಲವೇ 6,000 ಯಾಕೆ? ಮನಾಲಿ ಹತ್ತಿರ ಫ್ರೆಂಡ್‌ಶಿಪ್ ಪೀಕ್ ಇದೆ, 5,289 ಮೀಟರ್. ಹಿಮದಲ್ಲಿ ನಡೆಯುವುದು, ಐಸ್ ಆಕ್ಸ್ (ಹಿಮಕ್ಕೆ ಚುಚ್ಚುವ ಕೊಡಲಿ) ಹಿಡಿದು ಜಾರುವುದನ್ನು ತಡೆಯುವುದು ಎಲ್ಲ ಅಲ್ಲೇ ಕಲಿಯಬಹುದು. ಒಂದು ತಿಂಗಳ ಹತ್ತಿರ ರಜೆ ಸಿಗುವುದಾದರೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ಅಥವಾ ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯ ಬೇಸಿಕ್ ಕೋರ್ಸ್‌ಗೆ ಸಮ ಬೇರೊಂದಿಲ್ಲ. ವಯಸ್ಸಿನ ಮಿತಿ ಇರುತ್ತದೆ, ವಿಚಾರಿಸಿಕೊಳ್ಳಿ. ಯಾರಾದರೂ ಲಡಾಖ್‌ನ ಸ್ತೋಕ್ ಕಾಂಗ್ರಿ ಹೇಳಿದರೆ, ಅದನ್ನು 2020ರಿಂದ ಮುಚ್ಚಿದ್ದರು ಅನ್ನುವುದು ನೆನಪಿರಲಿ.

*

ಆರೋಗ್ಯದ ವಿಷಯ ಯಾರೂ ಎತ್ತಲಿಲ್ಲ. ಎತ್ತರದ ಕಾಯಿಲೆ ತಡೆಯುವ ಮಾತ್ರೆ ಡಯಾಮಾಕ್ಸ್ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ ಕೊಡುತ್ತಾರೆ. ಆದರೆ ಹೊರಡುವ ಮೊದಲು ನಿಮ್ಮ ಡಾಕ್ಟರ್‌ಗೆ ತೋರಿಸಿ, ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ತಪ್ಪದೆ ಹೇಳಿ. ಅದನ್ನು ತಗೊಂಡರೆ ಬೆರಳು ಜುಮ್ಮೆನ್ನುತ್ತದೆ, ರಾತ್ರಿ ಪದೇ ಪದೇ ಏಳಬೇಕಾಗುತ್ತದೆ. ಗಾಬರಿ ಬೇಡ.

ತಲೆನೋವು ಬಂದರೆ ಗೈಡ್‌ಗೆ ಹೇಳಿ. ವಾಪಸ್ ಕಳಿಸಿಬಿಡುತ್ತಾರೆ ಅಂತ ಮುಚ್ಚಿಡುವವರೇ ಜಾಸ್ತಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಆಗದಿದ್ದರೆ, ಸುಮ್ನೆ ಕೂತಾಗಲೂ ಉಸಿರು ಸಾಲದಿದ್ದರೆ, ಬೆಳಗಾಗಲಿ ಅಂತ ಕಾಯಬಾರದು. ಆಗಲೇ ಇಳಿಯಬೇಕು.

*

ಇನ್ಶೂರೆನ್ಸ್‌ನ ಸಣ್ಣ ಅಕ್ಷರ ಓದಿ. ನಾನು ವಿಚಾರಿಸಿದ ಒಂದು ಪಾಲಿಸಿಯಲ್ಲಿ "ಟ್ರೆಕಿಂಗ್ ಇದೆ" ಅಂದರು. ಒಳಗೆ ನೋಡಿದರೆ ಹಗ್ಗ, ಕ್ರ್ಯಾಂಪಾನ್ ಬಳಸುವ ಹತ್ತುವಿಕೆ ಇಲ್ಲ, ಎತ್ತರಕ್ಕೂ ಮಿತಿ. ಹೆಲಿಕಾಪ್ಟರ್ ಸೇರಿದೆಯಾ, 6,500 ಮೀಟರ್‌ವರೆಗೆ ಇದೆಯಾ ಅಂತ ಬರೆಸಿಕೊಳ್ಳಿ. ಬೇಡದಿದ್ದರೂ ಹೆಲಿಕಾಪ್ಟರ್ ಹತ್ತಿಸಿ ಬಿಲ್ ಉಬ್ಬಿಸುವ ದಂಧೆ 2018ರಲ್ಲಿ ನೇಪಾಳದಲ್ಲಿ ದೊಡ್ಡ ಸುದ್ದಿಯಾಗಿತ್ತು. ಪಾಲಿಸಿಯ ತುರ್ತು ನಂಬರ್ ನಿಮ್ಮ ಜೇಬಿನಲ್ಲೇ ಇರಲಿ.

*

ಪ್ರಶ್ನೆ ಕೇಳಿದವಳು: ಎಲ್ಲರಿಗೂ ಥ್ಯಾಂಕ್ಸ್. ರಜೆ ಎಷ್ಟು ಎಳೆದರೂ 16 ದಿನ ದಾಟುವುದಿಲ್ಲ. ಹಾಗಾದರೆ ಏನು ಬಿಡಲಿ?

*

ಶಿಖರ ಬಿಡಿ, ಮೇಡಂ. ಬೇಸ್ ಕ್ಯಾಂಪ್, ಗೋರಕ್ ಶೆಪ್ ಮೇಲಿನ ಕಾಲಾಪತ್ಥರ್ ಗುಡ್ಡ ನಿಧಾನವಾಗಿ ಮಾಡಿ. ನಿಜ ಹೇಳಬೇಕೆಂದರೆ ಬೇಸ್ ಕ್ಯಾಂಪಿನಿಂದ ಎವರೆಸ್ಟ್ ತುದಿ ಕಾಣುವುದೇ ಇಲ್ಲ. ಕಾಲಾಪತ್ಥರ್‌ನಿಂದ ಚೆನ್ನಾಗಿ ಕಾಣುತ್ತದೆ. ಪೋರ್ಟರ್‌ಗೆ ಸಾಮಾನ್ಯವಾಗಿ ಇಬ್ಬರ ಬ್ಯಾಗ್ ಸೇರಿಸಿ ಹೊರಿಸುತ್ತಾರೆ, ಹಾಗಾಗಿ ನಿಮ್ಮ ಪಾಲು 12 ಕೆಜಿ ಒಳಗೇ ಇರಲಿ. ಅವರಿಗೆ ಬೂಟು, ಜಾಕೆಟ್, ವಿಮೆ ಕೊಡುತ್ತಾರಾ ಅಂತ ಏಜೆನ್ಸಿಯನ್ನು ಕೇಳಿ. ಅದಕ್ಕೆ ತಡವರಿಸುವವರ ಹತ್ತಿರ ಬುಕ್ ಮಾಡಬೇಡಿ. ದಾರಿಯಲ್ಲಿ ಯಾಕ್ ಸಾಲು ಎದುರಾದರೆ ಯಾವಾಗಲೂ ಬೆಟ್ಟದ ಕಡೆಗೇ ಸರಿದು ನಿಲ್ಲಿ, ಕಣಿವೆ ಕಡೆಗೆ ಅಲ್ಲ.